ಕೇಳದೆ ತಂದ ಕಡ್ಡಿ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇರುವುದು ನಾಲ್ಕೇ ಜನ. ಸಾಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು, ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೂರುವವಳು, ಹೊಸನಗರದ ಕಡೆ ಹುಂಚದಲ್ಲಿ ಟೀಚರ್ ಆಗಿರುವವಳು, ಹಿನ್ನೀರಿನಾಚೆ ತುಮರಿಗೆ ಮದುವೆಯಾಗಿ ಹೋದವಳು. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಹಾಸ್ಟೆಲ್ ರೂಮು. ಈಗ ಎಲ್ಲರಿಗೂ ಐವತ್ತರ ಹತ್ತಿರ. ವರ್ಷಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು, ಆದರೆ ಯಾರ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿ ಎನ್ನುವುದು ಉಳಿದ ಮೂವರಿಗೂ ಗೊತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂಬ ಸುದ್ದಿಯನ್ನು ಗುಂಪಿಗೆ ತಂದವಳು ತೀರ್ಥಹಳ್ಳಿಯವಳು. ಒಂದು ಬಣ್ಣದ ನಕ್ಷೆ, ನೀಲಿ ನೀರಿನ ನಡುವೆ ಬಿಳಿ ಸುರುಳಿ. ಅದರ ಕೆಳಗೆ ಹುಂಚದವಳು ಬರೆದಳು: "ನಮ್ಮಲ್ಲಿ ಒಂದೆಲೆನೂ ಅಲ್ಲಾಡ್ತಿಲ್ಲ. ದೋಸೆ ಹಿಟ್ಟು ಮಾತ್ರ ಉಕ್ಕಿ ಕಟ್ಟೆ ಮೇಲೆಲ್ಲ ಹರಿದಿದೆ."

"ನಮ್ಮ ಎಮ್ಮೆ ನಿನ್ನೆಯಿಂದ ಹಾಲು ಕೊಡ್ತಿಲ್ಲ. ಅದಕ್ಕೂ ಸುದ್ದಿ ಮುಟ್ಟಿರ್ಬೇಕು," ಎಂದಳು ತುಮರಿಯವಳು.

ನಾನು ಒಂದು ನಗುಮುಖ ಹಾಕಿದೆ. ಆದರೆ ಗಾಳಿ ಅಂದ ಕೂಡಲೇ ನನಗೆ ನೆನಪಾದದ್ದು ತುಮರಿಯವಳ ಮನೆಯ ಮರ.

ಅವಳ ಗದ್ದೆಯಂಚಿನಲ್ಲಿ, ಹಿನ್ನೀರಿಗೆ ಬಾಗಿಕೊಂಡು ಒಂದು ಹಳೆಯ ಅಪ್ಪೆಮಿಡಿ ಮರವಿತ್ತು. ಉಪ್ಪಿನಕಾಯಿಗೆ ಹಾಕುವ ಎಳೆಯ ಮಾವಿನ ಮಿಡಿ ನಮ್ಮ ಕಡೆ ಹೊಳೆದಂಡೆಯ ಎಷ್ಟೋ ಮರಗಳಲ್ಲಿ ಸಿಗುತ್ತದೆ. ಆದರೆ ಒಂದೊಂದು ಮರದ್ದೂ ಒಂದೊಂದು ವಾಸನೆ. ಈ ಮರದ ಮಿಡಿಯ ತೊಟ್ಟು ಮುರಿದರೆ ಸೊನೆಯ ಜೊತೆ ಹುರಿದ ಜೀರಿಗೆಯ ಘಮ ಬರುತ್ತಿತ್ತು. ಅಂಥದ್ದು ಸುತ್ತಲಲ್ಲಿ ಇನ್ನೊಂದಿರಲಿಲ್ಲ. ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ: ಮಿಡಿ ಎಷ್ಟು ಬೇಕಾದರೂ ಕೊಡುವುದು, ಕಸಿ ಕಟ್ಟಲು ಕಡ್ಡಿ ಮಾತ್ರ ಯಾರಿಗೂ ಕೊಡುವುದಿಲ್ಲ. ಕಡ್ಡಿ ಹೊರಗೆ ಹೋದರೆ ಮರದ ವಾಸನೆಯೂ ಹೊರಟುಹೋಗುತ್ತದಂತೆ. ಅದೇ ಹೆದರಿಕೆಗೆ ತಾವೂ ಇನ್ನೊಂದು ಗಿಡ ಮಾಡಿಕೊಂಡಿರಲಿಲ್ಲ. ಇದ್ದದ್ದು ಅದೊಂದೇ, ಅದೂ ಒಳಗೆ ಟೊಳ್ಳು.

ಅದಕ್ಕೂ ಏಳು ವರ್ಷದ ಹಿಂದೆ ನಾನು ಅದರ ಆರು ಕಡ್ಡಿ ಕದ್ದಿದ್ದೆ. ಮಿಡಿ ಕೊಯ್ಯುವ ದಿನ ಅವಳ ಮನೆಗೆ ಹೋದವಳು, ಅವಳು ಕಾಫಿ ಮಾಡಲು ಒಳಗೆ ಹೋದಾಗ, ಪೆನ್ಸಿಲ್ ದಪ್ಪದ ಆರು ತುದಿಗಳನ್ನು ನನ್ನ ಕತ್ತರಿಯಿಂದ ಕತ್ತರಿಸಿ ಕೊಡೆಯ ಮಡಿಕೆಯೊಳಗೆ ಸುತ್ತಿಟ್ಟೆ. ಮೇಲೆ ಅವಳು ಕೊಟ್ಟ ಕಾಫಿಯನ್ನೂ ಕುಡಿದೆ. ಕೊಡುವುದಿಲ್ಲ ಅಂತ ಗೊತ್ತಿದ್ದ ಮೇಲೆ ಬಾಯಿಬಿಟ್ಟು ಕೇಳಿ ಮುಖ ಕೆಡಿಸಿಕೊಳ್ಳುವುದು ಯಾಕೆ ಎಂದು ನನ್ನ ಜಂಬ. ಮನೆಗೆ ಬಂದು, ಕಾಡುಮಾವಿನ ಆರು ಸಸಿಗಳಿಗೆ ನಾನೇ ಕಸಿ ಕಟ್ಟಿದೆ. ಕತ್ತರಿಸುವುದು, ಜೋಡಿಸುವುದು, ಬಿಗಿಯುವುದು ನನ್ನ ದಿನದ ಕಸುಬು, ಇದರಲ್ಲೇನು ಮಹಾ ಎಂದುಕೊಂಡಿದ್ದೆ. ಐದು ಒಣಗಿದವು. ಒಂದು ಚಿಗುರಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅದು ಆಗಲೇ ನನಗಿಂತ ಎತ್ತರವಾಗಿತ್ತು. ಇನ್ನೂ ಒಂದು ಹೂ ಬಿಟ್ಟಿರಲಿಲ್ಲ, ಪಟ್ಟಣದ ಮಣ್ಣು ಹಿಡಿಸಿಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೆ.

ಮರುದಿನ ಇಡೀ ಸಾಗರ ಪೇಟೆ ಅರಿಸಿನ ಕಲಸಿದ ನೀರಿನ ಬಣ್ಣಕ್ಕೆ ತಿರುಗಿತ್ತು. ಗಾಳಿಯಿಲ್ಲ. ರಸ್ತೆಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ತೂಗಾಡುತ್ತಿದ್ದವು. ಮಷಿನ್ ತುಳಿಯುತ್ತಿದ್ದರೆ ಅದರ ಸದ್ದು ಬೇರೆ ಯಾರದೋ ಮನೆಯಿಂದ ಬಂದಂತೆ ಕೇಳುತ್ತಿತ್ತು. ಗಿರಾಕಿಗಳು ಬರಲಿಲ್ಲ. ನಾನು ರವಿಕೆಯೊಂದರ ಹೆಮ್ಮಿಂಗ್ ಹಿಡಿದು, ಫೋನನ್ನು ಮಷಿನ್ನಿನ ಮೇಲೆ ಒರಗಿಸಿಟ್ಟು ಕೂತೆ. ಮೂರು ಊರಿನ ಮಧ್ಯಾಹ್ನಗಳು ಒಂದರ ಹಿಂದೊಂದು ಅದರೊಳಗೆ ಬರುತ್ತಿದ್ದವು.

ತೀರ್ಥಹಳ್ಳಿಯವಳು ತಲೆಗೆ ಬಣ್ಣ ಹಚ್ಚಿಕೊಂಡು ಕೂತಿದ್ದಳು, ಕರೆಂಟು ಹೋಗಿ ಮೋಟರ್ ನಿಂತಿತ್ತು, ತೊಳೆಯಲು ನೀರಿಲ್ಲ. "ಚಂಡಮಾರುತ ಬರೋ ಹೊತ್ತಿಗೆ ನನ್ನ ಕಿವಿನೂ ಕಪ್ಪಾಗಿರುತ್ತೆ," ಎಂದಳು. ಹುಂಚದವಳದ್ದು ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ನಾಲ್ಕು ಗಂಟೆಗೇ ಮೋಡ ಕವಿದು ದೀಪ ಹಚ್ಚುವಂತಾದಾಗ, ಸೂರ್ಯ ಇದ್ದಾನೋ ಹೋದನೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಗಬಗಬನೆ ಉಂಡುಬಿಟ್ಟಳಂತೆ. ಐದಕ್ಕೆ ಮೋಡ ಸರಿದು ಬಿಸಿಲು ಬಂತು. "ಈಗ ಮತ್ತೆ ಹಸಿವು. ಸೂರ್ಯನೂ ಇದ್ದಾನೆ. ಎಂತ ಮಾಡ್ಲಿ?"

"ಇನ್ನೊಂದ್ಸಲ ಉಣ್ಣು ಮಾರಾಯ್ತಿ, ಯಾರು ಲೆಕ್ಕ ಇಡ್ತಾರೆ," ಎಂದೆ.

ತುಮರಿಯವಳು ಬರೆಯುವುದಿಲ್ಲ, ಧ್ವನಿ ಕಳಿಸುತ್ತಾಳೆ. ಹಪ್ಪಳ ಒಳಗಿಟ್ಟೆ, ಕೊಟ್ಟಿಗೆಯ ಶೀಟಿಗೆ ಕಲ್ಲು ಹೇರಿದೆ, ನಾಳೆಯಿಂದ ಲಾಂಚ್ ಬಿಡುವುದಿಲ್ಲವಂತೆ, ಅತ್ತೆಯ ಮಾತ್ರೆ ನಾಲ್ಕು ದಿನಕ್ಕೆ ಸಾಕು ಎಂದೆಲ್ಲ ಹೇಳಿದಳು. ಆಗಿನ್ನೂ ಸೇತುವೆ ಆಗಿರಲಿಲ್ಲ, ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಅವರು ಅಲ್ಲಿಯೇ. ಮರದ ಮಾತು ಅವಳು ಎತ್ತಲೇ ಇಲ್ಲ. ಅವಳ ಒಂದೊಂದು ಧ್ವನಿಯನ್ನೂ ನಾನು ಎರಡು ಸಲ ಕೇಳುತ್ತಿದ್ದೆ. ಮೊದಲನೆಯದು ಮಾತಿಗೆ, ಎರಡನೆಯದು ಮಾತಿನ ಹಿಂದಿನ ಎಲೆಗಳ ಸದ್ದಿಗೆ. ಸಂಜೆಯ ಹೊತ್ತಿಗೆ ಆ ಸದ್ದು ದಪ್ಪವಾಗಿತ್ತು. ಕಣ್ಣು ಮುಚ್ಚಿದರೆ ನಾನೂ ಆ ನೀರಿನ ದಂಡೆಯಲ್ಲಿ ನಿಂತಿದ್ದೇನೆ ಅನ್ನಿಸುತ್ತಿತ್ತು.

ಕೊನೆಗೆ ಹುಂಚದವಳೇ ಕೇಳಿದಳು. "ನಿಮ್ಮ ಮರ ಹೇಗಿದೆಯೇ?"

ತುಮರಿಯಿಂದ ಒಂದು ಸಣ್ಣ ಧ್ವನಿ ಬಂತು. "ಹೆದರಿಕೆ ಆಗ್ತಿದೆ ಕಣ್ರೇ. ಬೆಳಿಗ್ಗೆಯಿಂದ ಐದು ಸಲ ಹೋಗಿ ಮುಟ್ಟಿ ಬಂದೆ. ಅತ್ತೆಗೆ ಹೇಳೋ ಹಾಗಿಲ್ಲ, ಅವರು ಅಳ್ತಾರೆ."

ಆಗಲೇ ಹೇಳಬೇಕಿತ್ತು. ನನ್ನ ಹತ್ತಿರ ಒಂದಿದೆ, ಹೆದರಬೇಡ ಅನ್ನಬೇಕಿತ್ತು. ಅರ್ಧ ಬರೆದೆ ಕೂಡ. ಬರೆದದ್ದನ್ನು ಅಳಿಸಿ, "ಏನೂ ಆಗಲ್ಲ, ಸುಮ್ನಿರು" ಎಂದು ಕಳಿಸಿದೆ. ಮರ ಉಳಿದರೆ ನನ್ನ ಕಳ್ಳತನವೂ ಉಳಿಯಲಿ ಎಂಬ ಆಸೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಬೆಳಗಿನ ಜಾವಕ್ಕೆ ಗಾಳಿ ಬಂತು. ಎದುರು ಮನೆಯ ಹಂಚುಗಳು ಒಂದೊಂದಾಗಿ ಎದ್ದು ಹೋದವು. ನನ್ನ ಹಿತ್ತಲಿನ ಗಿಡ ನೆಲಕ್ಕೆ ಬಾಗಿ ಬಾಗಿ ಎದ್ದಿತು. ಫೋನಿನಲ್ಲಿ ನಾವು ಕಳಿಸಿದ್ದೆಲ್ಲ ಒಂದೇ ಟಿಕ್ಕಿನಲ್ಲಿ ನಿಂತವು. ಮಧ್ಯಾಹ್ನ ಗಾಳಿ ಇಳಿದು, ನೆಟ್‌ವರ್ಕ್ ಬಂದು, ತುಮರಿಯಿಂದ ಎರಡು ಪದ ಬಂದವು. ಬರೆಯದವಳು ಬರೆದಿದ್ದಳು: "ಮರ ಹೋಯ್ತು."

ಉಳಿದಿಬ್ಬರು ಸಮಾಧಾನದ ಮಾತು ಬರೆಯುತ್ತಿದ್ದಾಗ ನಾನು ಅವಳಿಗೆ ಫೋನ್ ಮಾಡಿದೆ. ಒಳಗೊಳಗೇ ಒಂದು ಹೆಮ್ಮೆ. ನಾನು ಕದ್ದಿದ್ದರಿಂದಲೇ ಉಳಿಯಿತಲ್ಲ ಎಂದು. ಎಲ್ಲ ಹೇಳಿದೆ, ಕತ್ತರಿ, ಕೊಡೆ, ಕಾಫಿ, ಏಳು ವರ್ಷ.

ಮುಗಿದ ಮೇಲೆ ಅವಳು ಕೇಳಿದಳು. "ಗಿಡದ ಹತ್ರ ಇದ್ದೀಯಾ?"

"ಇಲ್ಲೇ ನಿಂತಿದ್ದೀನಿ."

"ಒಂದು ಎಲೆ ಕಿತ್ತು ಚೆನ್ನಾಗಿ ಕಿವುಚು. ಮೂಸಿ ನೋಡು."

ಕಿವುಚಿದೆ. ಮೂಸಿದೆ. ಇನ್ನೊಂದು ಎಲೆ ಕಿತ್ತು ಮೂಸಿದೆ.

"ಎಂತ ವಾಸನೆ?"

"ಮಾವಿನೆಲೆ ವಾಸನೆ."

"ನಮ್ಮ ಮರದ ಎಲೆಯಲ್ಲೂ ಜೀರಿಗೆ ಘಮ ಬರ್ತಿತ್ತು." ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಕಸಿ ಕಟ್ಟಿದ ಜಾಗದ ಕೆಳಗೆ ಬಂದ ಚಿಗುರು ಚಿವುಟಿದ್ಯಾ?"

ಚಿವುಟಿರಲಿಲ್ಲ. ಹಸಿರು ಬಂದದ್ದೇ ಪುಣ್ಯ, ಚಿವುಟುವುದು ಹೇಗೆ ಎಂದು ಬಿಟ್ಟಿದ್ದೆ. ಬಗ್ಗಿ ನೋಡಿದೆ. ಬುಡದಿಂದ ಗೇಣಿನಷ್ಟು ಮೇಲೆ, ನಾನು ಬಿಗಿದಿದ್ದ ಜಾಗದಲ್ಲಿ ಆ ಕಡ್ಡಿಯ ಒಣಗಿದ ಮೋಟು, ಬೆರಳು ತಾಗಿಸಿದರೆ ಪುಡಿಯಾಗುವಂತಿತ್ತು. ಏಳು ವರ್ಷ ನೀರು ಹೊಯ್ದು ಬೆಳೆಸಿದ್ದು ಅದರ ಕೆಳಗಿನಿಂದ ಚಿಗುರಿದ ಬರೀ ಕಾಡುಮಾವು. ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಕದ್ದ ಪಾಪವೂ ನನ್ನದೇ, ಕೈಯಲ್ಲಿ ಏನೂ ಇಲ್ಲ. ನನಗೆ ಅಳು ಬಂತು. ಅವಳೂ ಅತ್ತಳು. ಲೈನಿನಲ್ಲಿ ಸ್ವಲ್ಪ ಹೊತ್ತು ಅದೇ ಆಯಿತು.

"ಬಿದ್ದ ಟೊಂಗೆಯಲ್ಲಿ ಇನ್ನೂ ಜೀವ ಇದೆ," ಎಂದಳು ಆಮೇಲೆ, ಮೂಗೊರೆಸಿಕೊಂಡು. "ಎರಡು ಮೂರು ದಿನ ತಡೆಯುತ್ತೆ. ಇವರು ಕಡ್ಡಿ ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿಡ್ತಿದ್ದಾರೆ. ನಮ್ಮ ಕೈಲಿ ಎಷ್ಟು ಕಸಿ ಹತ್ತುತ್ತೋ ಗೊತ್ತಿಲ್ಲ. ನಾಲ್ಕು ಕಡೆ ಕಟ್ಟಿದ್ರೆ ಒಂದು ಕಡೆಯಾದ್ರೂ ಉಳೀತದೆ."

"ಅತ್ತೆ ಒಪ್ಪಿದ್ರಾ?"

"ಅವರೇ ಹೇಳಿದ್ದು. ನಾಳೆ ಲಾಂಚ್ ಬಿಟ್ರೆ ಬಸ್ಸಿನವರ ಕೈಲಿ ಮೂರು ಕಟ್ಟು ಕೊಟ್ಟು ಕಳಿಸ್ತೀನಿ. ಹುಂಚಕ್ಕೊಂದು, ತೀರ್ಥಹಳ್ಳಿಗೊಂದು."

ಮೂರನೆಯದು ಯಾರಿಗೆಂದು ಅವಳು ಹೇಳಲಿಲ್ಲ. ಹಿತ್ತಲಿನಲ್ಲಿ ಹನಿಗಳು ಬೀಳುತ್ತಿದ್ದವು.

"ಕೇಳು," ಎಂದಳು.

"ಎಂತ ಕೇಳೋದು?"

"ಕಡ್ಡಿ ಕೊಡು ಅಂತ ಕೇಳು. ಅವತ್ತು ನೀನು ಕೇಳ್ಳೇ ಇಲ್ಲ."

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿರ್ಲಿಲ್ಲ. ಆದ್ರೂ ಕೇಳ್ಬೇಕಿತ್ತು."

ಕೆಸರಿನಲ್ಲಿ ಕೂತವಳು ಎದ್ದು ನಿಂತೆ. ಹಾಗೆ ಕೂತು ಕೇಳುವ ಮಾತು ಅದಲ್ಲ ಅನ್ನಿಸಿತು. "ನಂಗೂ ಒಂದು ಕಟ್ಟು ಕಡ್ಡಿ ಕೊಡೇ," ಎಂದು ಕೇಳಿದೆ.