ತೂಕದ ಮನೆಯ ಕಂಪ್ಯೂಟರಿಗೆ ಬೆಳಗಿನ ಕೆಲಸ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೂಡಲೂರಿನ ಆಚೆ, ಚಹಾ ಎಲೆ ಸಂಗ್ರಹಿಸುವ ಕೇಂದ್ರವೊಂದರ ಹಳೇ ಕಂಪ್ಯೂಟರಿನ ಮುಂದೆ ರೂಪಶ್ರೀ ಕೂತಿದ್ದಾರೆ. ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಓಡುತ್ತಿವೆ. ಇವತ್ತೂ ಕಂಪ್ಯೂಟರು ನಡುವೆ ಕೈಕೊಟ್ಟರೆ ಕೇಂದ್ರಕ್ಕೆ ಬೀಗ ಹಾಕುವುದಾಗಿ ಎಲೆ ಕೊಳ್ಳುವ ಚಹಾ ಫ್ಯಾಕ್ಟರಿಯವರು ಹೇಳಿಬಿಟ್ಟಿದ್ದಾರೆ. ಆಮೇಲೆ ಇಲ್ಲಿನ ಸಣ್ಣ ಬೆಳೆಗಾರರು ಮೂಟೆ ಹೊತ್ತು ಇಳಿಜಾರಿನ ಕೆಳಗಿನ ಕೇಂದ್ರಕ್ಕೇ ಹೋಗಬೇಕು.

ಎಲೆ ತೂಗಿ ಚೀಟಿ ಕೊಡುವ ತಂತ್ರಾಂಶ ಬರೆದವರು ರೂಪಶ್ರೀ. ಗುಂಡ್ಲುಪೇಟೆಯಿಂದ ಮೆಣಸಿನ ವ್ಯಾಪಾರಕ್ಕೆ ಬಂದು ನೆಲೆನಿಂತ ಮನೆಯವರು, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತೇ ಕೆಲಸ ಕಲಿತವರು. ತಾಲ್ಲೂಕಿನ ಹದಿನಾಲ್ಕು ಕೇಂದ್ರಗಳಲ್ಲಿ ಅವರ ತಂತ್ರಾಂಶವಿದೆ. ಆದರೆ ಯಂತ್ರಗಳೆಲ್ಲ ಯಾರ್ಯಾರೋ ಕೈಬಿಟ್ಟವು. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದು. ಅದಕ್ಕೇ ತಂತ್ರಾಂಶ ತಿದ್ದಿದಾಗಲೆಲ್ಲ ಅವರು ಕಳಿಸುವುದು ಬರೀ ಸೋರ್ಸ್ ಕೋಡ್, ಅಂದರೆ ತಾವು ಬರೆದ ಮೂಲ ಬರಹ. ಅದು ತಲುಪಿದ್ದೇ ತಡ, ಆಯಾ ಕಂಪ್ಯೂಟರು ಯಾರನ್ನೂ ಕೇಳದೆ ಅದನ್ನು ಕಂಪೈಲ್ ಮಾಡಿ, ತನಗೆ ಹೊಂದುವ ತಂತ್ರಾಂಶವಾಗಿ ಮಾರ್ಪಡಿಸಿಕೊಳ್ಳುತ್ತದೆ.

“ನಾನು ದೋಸೆ ಕಳ್ಸಲ್ಲ ಸಾರ್, ಹಿಟ್ಟು ಕಳ್ಸ್ತೀನಿ. ಅವರವರ ಕಾವಲಿಗೆ ತಕ್ಕ ಹಾಗೆ ಅಲ್ಲಲ್ಲೇ ಹುಯ್ಕೊಳ್ಳೋದು” ಎಂದು ಪಕ್ಕದಲ್ಲಿ ನಿಂತ ನನ್ನತ್ತ ನೋಡಿ ನಗುತ್ತಾರೆ.

ಇಲ್ಲಿ ಮಾತ್ರ ಮಳೆ ಹಿಡಿದಾಗಿನಿಂದ ಕಂಪೈಲ್ ಅರ್ಧಕ್ಕೇ ನಿಲ್ಲುತ್ತಿತ್ತು, ಚೀಟಿ ಬರುತ್ತಿರಲಿಲ್ಲ. ತಪ್ಪು ತನ್ನದೇ ಇರಬೇಕೆಂದು ರೂಪಶ್ರೀ ಕೋಡನ್ನು ಜಾಲಾಡಿದ್ದೇ ಜಾಲಾಡಿದ್ದು. ನಿನ್ನೆ ಬಂದು ನೋಡಿದರೆ ಕಂಪ್ಯೂಟರಿನ ಮೈತುಂಬ ಒದ್ದೆ ಮಫ್ಲರು, ಕಾಲುಚೀಲ, ಸಾಲದ್ದಕ್ಕೆ ಒಂದು ಸ್ವೆಟರು. ಕಂಪೈಲ್ ಮಾಡುವಾಗ ಯಂತ್ರ ಬಿಸಿಯಾಗುತ್ತದೆ. ಗಾಳಿ ಆಡುವ ಕಿಂಡಿ ಮುಚ್ಚಿದರೆ ಕಾವು ತಾಳದೆ ತಾನೇ ಆರಿಹೋಗುತ್ತದೆ.

ತೂಕ ನೋಡಿಕೊಳ್ಳುವ ಮಾದಯ್ಯ ತಲೆ ಕೆರೆದುಕೊಂಡರಂತೆ. “ಮಳೇಲಿ ಏನೂ ಒಣಗಾಕಿಲ್ಲ ಕಣವ್ವ. ನೀನು ಹೊಸದು ಕಳ್ಸಿದ್ ದಿನ ಇದು ಬೆಚ್ಗಿರ್ತದೆ, ಅದ್ಕೇ ಹಾಕ್ದೊ.” ಬೈಯಲು ಬಾಯಿ ತೆರೆದ ರೂಪಶ್ರೀಗೆ ನಗು ತಡೆಯಲಾಗಲಿಲ್ಲ. ಟೀ ಕಾಯಿಸುವ ಒಲೆಯ ಮೇಲೆ ಹಗ್ಗ ಕಟ್ಟಿಸಿ ಬಟ್ಟೆಗಳನ್ನೆಲ್ಲ ಅಲ್ಲಿಗೆ ಸಾಗಹಾಕಿದರು.

ಈಗ ಪರದೆಯ ಓಟ ನಿಂತಿದೆ, ಈ ಸಲ ಕೊನೆ ಮುಟ್ಟಿ ನಿಂತಿದೆ. ಎಳೆಬಿಸಿಲು ಏರುವ ಹೊತ್ತಿಗೆ ಮೊದಲ ಮೂಟೆಯ ತೂಕವಾಗಿ ಚೀಟಿ ಹೊರಬರುತ್ತದೆ. ಕೇಂದ್ರ ಉಳಿಯಿತು. ನನಗೂ ಹೇಳತೀರದ ಖುಷಿ. ಮಾದಯ್ಯನವರಂತೂ ಸಾಲಿನಲ್ಲಿ ನಿಂತವರಿಗೆಲ್ಲ ಜಂಬದಿಂದ ಹೇಳುತ್ತಿದ್ದಾರೆ: ಇದನ್ನು ನಮ್ಮ ಕಂಪ್ಯೂಟರೇ ಮಾಡಿಕೊಂಡದ್ದು, ಯಾರೂ ಕೈ ಹಚ್ಚಿಲ್ಲ.

ಬರೆದವರು ನೀವೆಂದು ಹೇಳಬಾರದೇ ಎಂದು ರೂಪಶ್ರೀಯವರನ್ನು ಕೇಳುತ್ತೇನೆ. ಅವರು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಾರೆ.

“ಬೇಡ ಬಿಡಿ ಸಾರ್. ಎಲ್ಲಾ ಕೇಂದ್ರದೋರೂ ಹಿಂಗೇ ಅಂತಾರೆ. ಹಂಗಂದ್ರೆ ನನ್ ಕೆಲ್ಸ ಸರಿಯಾಗೈತೆ ಅಂತ ತಾನೆ?”