ಮೂಡಲಗಿಯಲ್ಲಿ ಹೊತ್ತು ಮುಳುಗುವುದು

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಬಾಯಿಗೆ ಹಾಕಿದವಳಲ್ಲ. ಜೈನರ ಮನೆಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ ಬಿಡಿ. ತಕರಾರು ಶುರುವಾಗುತ್ತಿದ್ದದ್ದು ಆಷಾಢದಲ್ಲಿ. ಮೂಡಲಗಿಯ ಮೇಲೆ ಮೋಡ ಕವಿಯಿತೆಂದರೆ ನಾಲ್ಕು ಗಂಟೆಗೇ ಕತ್ತಲಾಯಿತೆಂದು ಅರ್ಧ ರೊಟ್ಟಿಗೆ ತಾಟು ಸರಿಸುವಳು. ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುವಳು. ಕ್ಯಾಲೆಂಡರಿನಲ್ಲಿ ಅಚ್ಚಾದ ಸೂರ್ಯಾಸ್ತದ ಹೊತ್ತು ತೋರಿಸಿದರೆ, ಅದು ಮುಂಬೈಯವರ ಹೊತ್ತು, ನಮ್ಮದಲ್ಲ ಎನ್ನುವಳು. ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ನಾನಾಗ ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತ, ಯಾರೂ ನೋಡದ ವೆಬ್‌ಸೈಟುಗಳನ್ನು ಕಟ್ಟುತ್ತಿದ್ದೆ. ಅವುಗಳನ್ನು ಕಟ್ಟುವ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಕೈಪಿಡಿಯನ್ನು ಕೆಲವರು ಲಗ್ನಪತ್ರಿಕೆ ಓದುವಂತೆ, ಕೊನೆಯ ಹೆಸರಿನ ತನಕ ಓದುವ ಚಟ ನನಗೆ. ಹಾಗೆ ಓದುತ್ತಿದ್ದಾಗ ಸಿಕ್ಕಿತು: ‘ಡೇಟ್ ಸನ್‌ಸೆಟ್’. ದಿನ ಕೊಟ್ಟರೆ ಸೂರ್ಯ ಮುಳುಗುವ ಹೊತ್ತನ್ನು ಹೇಳುವ, ಭಾಷೆಯೊಳಗೇ ಹುದುಗಿದ್ದ ಸಿದ್ಧ ಆಜ್ಞೆ, ಅಂದರೆ ಫಂಕ್ಷನ್. ಅಂಗಡಿಗಳ ಜಾಹೀರಾತು ಹಾಕುವ ಭಾಷೆಯಲ್ಲಿ ಸೂರ್ಯನಿಗೇನು ಕೆಲಸ? ನಾನು ಒಬ್ಬಳೇ ಕಿಸಿಕಿಸಿ ನಕ್ಕೆ.

ಹುಕ್ಕೇರಿಯಿಂದ ಬರುತ್ತಿದ್ದ ಸಹೋದ್ಯೋಗಿ ಇಣುಕಿ ನೋಡಿದ.

“ಇದು ಯಾರಿಗೆ ಬೇಕಾಗತೈತ್ರಿ?”

“ನಮ್ಮ ಆಯಿಗೆ.”

ಎರಡೇ ಸಾಲು ಬರೆದೆ. ಬಂದ ಉತ್ತರವನ್ನು ಉತ್ಸಾಹದ ಭರದಲ್ಲಿ ಯೋಚಿಸದೆ ಮನೆಗೆ ಫೋನ್ ಮಾಡಿ ಓದಿಯೇಬಿಟ್ಟೆ. ಇವತ್ತು ಸೂರ್ಯ ಮುಳುಗುವುದು ರಾತ್ರಿ ಹತ್ತೂ ಕಾಲಿಗೆ. ಆಯಿ, ನಿನ್ನ ಯಂತ್ರಕ್ಕೆ ಮೊದಲು ಕಣ್ಣು ತೋರಿಸು ಎಂದು ಫೋನ್ ಇಟ್ಟಳು.

ಆಮೇಲೆ ತಿಳಿಯಿತು, ಊರು ಯಾವುದೆಂದು ಹೇಳದಿದ್ದರೆ ಆ ಫಂಕ್ಷನ್ ತನ್ನ ಪಾಡಿಗೆ ಜೆರುಸಲೇಮಿಗೆ ಹೋಗಿ ಕೂರುತ್ತದೆ! ಅಲ್ಲಿ ಹೊತ್ತು ಮುಳುಗುವಾಗ ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂ ಕಾಲು. ಆಯಿಗೆ ಮುಂಬೈಯೇ ದೂರ. ನಾನು ಜೆರುಸಲೇಮಿನ ಸೂರ್ಯನನ್ನು ಬಡಿಸಲು ಹೊರಟಿದ್ದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಮೂಡಲಗಿಯ ಅಕ್ಷಾಂಶ ರೇಖಾಂಶ ಹುಡುಕಿ ತುಂಬಿದೆ. ಸೂರ್ಯ ತೆಪ್ಪಗೆ ಏಳು ಗಂಟೆಯ ಆಚೀಚೆಗೆ ಬಂದ.

ಆದರೆ ಆಯಿ ಒಮ್ಮೆ ಮೋಸಹೋದವಳು. ಮೋಡವಿಲ್ಲದ ಒಂದು ರವಿವಾರ ಅಲಾರಾಂ ಗಡಿಯಾರ ಮಡಿಲಲ್ಲಿಟ್ಟುಕೊಂಡು ಮಾಳಿಗೆಯ ಮೇಲೆ ಕೂತಳು. ನಾನು ಬಾಜೂಕ್ಕೆ ಕೂತು ಉಗುರು ಕಡಿಯುತ್ತಿದ್ದೆ. ಫಂಕ್ಷನ್ ಹೇಳಿದ ನಿಮಿಷಕ್ಕೇ ಸೂರ್ಯ ಕಬ್ಬಿನ ಹೊಲದಾಚೆ ಇಳಿದ. ಆಯಿ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಗಡಿಯಾರ ಬಗಲಲ್ಲಿಟ್ಟುಕೊಂಡು ಕೆಳಗಿಳಿದಳು.

ಮುಂದಿನ ವಾರ ಹಗಲಿಗೇ ದೀಪ ಹಚ್ಚುವಂಥ ಮೋಡ. ಸಂಜೆ ಐದಕ್ಕೆ ಕ್ಲಾಸಿನ ಫೋನ್ ರಿಂಗಾಯಿತು. ಎತ್ತಿದರೆ ಆಯಿ.

“ಇವತ್ತ ಎಷ್ಟಕ್ಕ?”

“ಏಳು ಹೊಡದು ಏಳ ನಿಮಿಷಕ್ಕ, ಆಯಿ.”

“ನಮ್ಮ ಊರಾಗ?”

“ನಮ್ಮ ಊರಾಗ.”

ಅವಳು ರಿಸೀವರನ್ನು ಸರಿಯಾಗಿ ಇಡಲಿಲ್ಲ. ತಾಟು ಎಳೆದುಕೊಂಡ ಸದ್ದು ಕೇಳಿಸಿತು, ಆಮೇಲೆ ನನ್ನ ತಾಯಿಯನ್ನು ಕರೆದ ದನಿ. ನಾನು ಕುರ್ಚಿಯ ಮೇಲೆ ಹತ್ತಿ ಕುಣಿಯುವುದೊಂದು ಬಾಕಿ.

“ಇನ್ನೂ ಹೊತ್ತ ಐತಂತ. ಇನ್ನೊಂದ ರೊಟ್ಟಿ ನೀಡವಾ.”