ಹಣ್ಣಿಲ್ಲದ ಕಾಲದಲ್ಲಿ ಶ್ರೀನಿವಾಸಪುರ

ಬೆಳಿಗ್ಗೆ ಬೀದಿಯಲ್ಲಿ ಅವರೆಕಾಯಿ ಗಾಡಿ ಬಂತು. ಆ ಸೊಗಡು ಮೂಗಿಗೆ ಬಿದ್ದದ್ದೇ ತಡ, ಕಾಫಿ ಲೋಟ ಹಿಡಿದುಕೊಂಡೇ ನಾನು ಶ್ರೀನಿವಾಸಪುರಕ್ಕೆ ಹೋಗಿಬಿಟ್ಟೆ. ಮಾವಿನ ಊರು ಅವರೆಯ ವಾಸನೆಗೆ ಯಾಕೆ ನೆನಪಾಗಬೇಕು ಎಂದು ನೀವು ಕೇಳಬಹುದು. ಹೇಳುತ್ತೇನೆ, ಅವಸರವೇನಿಲ್ಲ.

ಎರಡನೇ ಮಹಾಯುದ್ಧದ ಕಾಲ. ನನಗೆ ಹತ್ತು ವರ್ಷ. ನಮ್ಮದು ಟೇಕಲ್. ಅಮ್ಮನ ಅಕ್ಕನನ್ನು, ಅಂದರೆ ನನ್ನ ದೊಡ್ಡಮ್ಮನನ್ನು, ಶ್ರೀನಿವಾಸಪುರದ ತೋಟದ ಮನೆಗೆ ಕೊಟ್ಟಿದ್ದರು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ಹದಿನೈದು ದಿನ ಠಿಕಾಣಿ ಹೂಡಿ, ಹಣ್ಣು ತಿಂದು ಮೈತುಂಬ ಗುಳ್ಳೆ ಎಬ್ಬಿಸಿಕೊಂಡು, ಒಂದು ಬುಟ್ಟಿ ಹೊತ್ತು ಬರುತ್ತಿದ್ದೆವು. ಆ ವರ್ಷ ದೊಡ್ಡಮ್ಮ ಪಕ್ಕದ ಮನೆಯಾಕೆಗೆ, "ನನ್ ತಂಗಿ ಬರೋದು ನನಗೋಸ್ಕರ ಅಲ್ಲ ಕಣೇ, ಹಣ್ಣಿಗೋಸ್ಕರ" ಎಂದದ್ದು ಅಮ್ಮನ ಕಿವಿಗೆ ಬಿತ್ತು. ಆಮೇಲೆ ಆರು ತಿಂಗಳು ಅಮ್ಮ ಒಂದು ಕಾಗದವನ್ನೂ ಬರೆಸಲಿಲ್ಲ.

ಮಾರ್ಗಶಿರದಲ್ಲಿ ಒಂದು ದಿನ, "ಹೊರಡೇ, ದೊಡ್ಡಮ್ಮನ ಮನೆಗೆ" ಎಂದಳು.

"ಈಗ ಹಣ್ಣು ಎಲ್ಲಿರ್ತದಮ್ಮ?"

"ಅದಕ್ಕೇ ಹೋಗೋದು."

ಬೌರಿಂಗ್‌ಪೇಟೆಯಲ್ಲಿ, ಅಂದರೆ ಈಗಿನ ಬಂಗಾರಪೇಟೆಯಲ್ಲಿ, ಪುಟ್ಟ ರೈಲು ಹತ್ತಿದೆವು. ಮಂಜಿನಲ್ಲಿ ಅದು ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಹೋಯಿತು. ಇಳಿದು ನೋಡಿದರೆ ಅದು ನಾನು ಕಂಡ ಊರೇ ಅಲ್ಲ. ಗಿಜಿಗುಡುತ್ತಿದ್ದ ಮಂಡಿಗಳು ಬಾಗಿಲು ಹಾಕಿದ್ದವು. ಖಾಲಿ ಬುಟ್ಟಿಯೊಂದರಲ್ಲಿ ನಾಯಿ ಮಲಗಿತ್ತು. ತೋಪಿನೊಳಗೆ ನಡುಹಗಲಲ್ಲೂ ಮುಸ್ಸಂಜೆಯ ಬೆಳಕು. ನೊಣವಿಲ್ಲ, ಕೂಗಾಟವಿಲ್ಲ. ಮಾತಾಡಿದರೆ ಎಲ್ಲಾ ಕರಗಿಹೋದೀತೆಂದು ನಾನೂ ಸುಮ್ಮನೆ ನಡೆದೆ. ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಅದೊಂದೇ ಸಲ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

"ಈಗ್ಯಾಕೆ ಬಂದ್ಯೇ? ತೋಟದಲ್ಲಿ ಏನೂ ಇಲ್ವಲ್ಲೇ" ಎಂದಳು ದೊಡ್ಡಮ್ಮ, ಬಾಗಿಲಲ್ಲೇ.

"ನಿನ್ನ ನೋಡೋಕೆ ಬಂದೆ ಕಣಕ್ಕ."

ದೊಡ್ಡಮ್ಮನಿಗೆ ಅರ್ಥವಾಯಿತು. ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ತಂದಿಟ್ಟಳು. ಇಬ್ಬರೂ ಎದುರುಬದುರು ಕೂತು ಹಿತುಕತೊಡಗಿದರು. ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರುವ ಸದ್ದೊಂದೇ. ಪಾತ್ರೆ ಅರ್ಧವಾಗುವ ಹೊತ್ತಿಗೆ ಮಾತು ಬಂತು. ಸಾರು ಕುದಿಯುವ ಹೊತ್ತಿಗೆ ನಗುವೂ ಬಂತು.

ಎರಡು ದಿನ ಇದ್ದೆವು. ಹೊರಡುವಾಗ ದೊಡ್ಡಮ್ಮ ಹಿತ್ತಾಳೆ ಡಬ್ಬಿಯ ತುಂಬ ಹಿತುಕಿದ ಬೇಳೆ ತಂದಳು. ಅಮ್ಮ, "ಏನೂ ಬೇಡಕ್ಕ" ಎಂದಳು. ಹಪ್ಪಳ ತಂದಳು, ಅದೂ ಬೇಡ. ಕೋಪ ಬಂದರೆ ದೊಡ್ಡಮ್ಮನ ಬಾಯಲ್ಲಿ ತೆಲುಗು ಬರುತ್ತಿತ್ತು. "ವಟ್ಟಿ ಚೇತುಲ್ತೋ ಪೋತಾವಾ?" ಎಂದವಳು ಹಾಗೇ ಮೆತ್ತಗಾದಳು. "ನಾನು ಅಂದಿದ್ದು ತಪ್ಪೇ ಕಣೇ. ಅದಕ್ಕೆ ಬರಿಗೈಲಿ ಹೋಗ್ತೀಯಾ? ನನ್ ಡಬ್ಬಿ ನಿಮ್ಮನೇಲಿ ಇದ್ರೆ ತಾನೇ, ನೀನು ತಿರುಗಿ ಬರ್ತೀಯ ಅಂತ ನಾನು ಕಾಯೋದು?"

ಅಮ್ಮ ಡಬ್ಬಿ ಇಸಿದುಕೊಂಡಳು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಬೇಳೆ ಸಾಲದೆಂದು ಅಳುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಆ ಬುದ್ಧಿ ಈಗಲೂ ಹೆಚ್ಚೇನೂ ಬೆಳೆದಿಲ್ಲ. ಹೋದ ತಿಂಗಳು ತಮ್ಮನ ಹೆಂಡತಿ ನನಗೆಂದೇ ಹೆಣೆದ ಸ್ವೆಟರ್ ಕೊಡಲು ಬಂದಳು. "ನನಗ್ಯಾಕಮ್ಮ, ಬೇರೆ ಯಾರಿಗಾದ್ರೂ ಕೊಡು" ಎಂದೆ, ದೊಡ್ಡಸ್ತಿಕೆಯಿಂದ. ಅವಳ ಮುಖ ಸಣ್ಣದಾದದ್ದು ಈಗ ಕಣ್ಣಿಗೆ ಕಟ್ಟುತ್ತಿದೆ. ಕಾಫಿ ಆರಿಹೋಗಿದೆ. ಸಂಜೆ ಅವಳ ಮನೆಗೆ ಹೋಗಿ, ಚಳಿ ತಡೆಯೋಕಾಗ್ತಿಲ್ಲ, ಆ ಸ್ವೆಟರ್ ಕೊಡಮ್ಮ ಎಂದು ಕೇಳಬೇಕು.